ರಜೆಯ ದಿನದ ಉಪ್ಪು

ಗೋಕರ್ಣದ ಬಸ್ಸಿನಿಂದ ಸಾಣಿಕಟ್ಟೆಯಲ್ಲಿ ಇಳಿದಾಗ
ಸೊಂಟದ ಮೇಲೆ ಮಗಳು, ಚೀಲದಲ್ಲಿ ಅಂಕೋಲೆಯ ಇಶಾಡು ಹನ್ನೊಂದು.
ಹನ್ನೆರಡಿತ್ತು. ಒಂದನ್ನು ಕಂಡಕ್ಟರು
ಮೂಸಿ ಕೊಡುತ್ತೇನೆಂದು ತೆಗೆದುಕೊಂಡವರು
ದಾರಿಯುದ್ದಕ್ಕೂ ಮೂಸುತ್ತಲೇ ಇದ್ದರು.

ಮೇ ಒಂದು. ಒಂಬತ್ತು ಗಂಟೆಗೇ
ಆಗರದ ಪಾತಿಗಳು ಕಣ್ಣಿಗೆ ಚುಚ್ಚುತ್ತಿದ್ದವು.
ಎಲ್ಲೂ ಹಲಗೆ ಎಳೆಯುವ ಸದ್ದಿಲ್ಲ, ಹೆಡಿಗೆ ಹೊತ್ತ ತಲೆಯಿಲ್ಲ.
ಉಪ್ಪು ತನ್ನಷ್ಟಕ್ಕೆ ಹರಳುಗಟ್ಟುತ್ತಿತ್ತು.
ಅದಕ್ಕೆ ಯಾರೂ ಹೇಳಿರಲಿಲ್ಲ,
ಇವತ್ತು ಕಾರ್ಮಿಕರ ದಿನವೆಂದು.

ಗೋದಾಮಿನ ಮುಂದೆ ಶಾಮಿಯಾನ.
ಕೆಂಪು ಬಾವುಟ ಹೊತ್ತ ಗಳ ನಿನ್ನೆಯವರೆಗೆ
ಬೀರಮಾವನ ದೋಣಿಯ ಜಲ್ಲೆ.
ಕುಮಟೆಯಿಂದ ಬಂದ ಭಾಷಣದವರು
ಯಾವುದೋ ದೂರದ ಊರಿನ ಹೆಸರು ಹೇಳಿದರು,
ಎಂಟು ತಾಸಿನ ದುಡಿಮೆ ಅಂದರು, ಗುಂಡೇಟು ಅಂದರು.
ಮೈಕು ನಡುನಡುವೆ ಕೂಗಿಕೊಂಡಿತು.
ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವ್ವಿ,
ಎರಡೂ ಕಾಲು ಮೇಲೆತ್ತಿ ಮಡಚಿಕೊಂಡು.
ಆ ಹಿಮ್ಮಡಿಯ ಬಿರುಕಿನಲ್ಲಿ ಚಿಕ್ಕವಳಿದ್ದಾಗ ನಾನು
ನಾಲ್ಕಾಣೆ ಸಿಕ್ಕಿಸಿ ನಿಲ್ಲಿಸಿದ್ದುಂಟು.
ಕೇಳುತ್ತಿದ್ದಳೋ ತೂಕಡಿಕೆಯೋ ತಿಳಿಯಲಿಲ್ಲ,
ಚಪ್ಪಾಳೆಗೆ ಮಾತ್ರ ಎಲ್ಲರಿಗಿಂತ ಮೊದಲು.

ಹಗ್ಗಜಗ್ಗಾಟದಲ್ಲಿ ಹೆಂಗಸರು ಗೆದ್ದರು.
ಹಗ್ಗ ಜಾರಿತು ಅಂದರು ಗಂಡಸರು.
ಸೀಟಿ ಹಿಡಿದಿದ್ದ ಲಾರಿಯ ಇಸ್ಮಾಯಿಲಜ್ಜನಿಗೆ
ನಗೆ ಬಂದು ಉಸಿರೇ ಉಳಿದಿರಲಿಲ್ಲ ಊದಲಿಕ್ಕೆ.

ಆಮೇಲೆ ಊಟ.
ಬೆಳಗಿನ ಇಳಿತದಲ್ಲಿ ತುಳಸತ್ತೆ ಆಯ್ದು ತಂದ ಬೆಳಚಿನ ಸಾರು,
ಕಗ್ಗದಕ್ಕಿಯ ಕೆಂಪು ಅನ್ನ, ಮುರುಗಲು ಕಡಿ.
ನೂರಾರು ಬಾಯಿಗೆ ಮೊದಲ ತುತ್ತು ಒಟ್ಟಿಗೇ ಹೋಯಿತು
ಮತ್ತು ಪಂಕ್ತಿ ಪೂರ್ತಿ ಸುಮ್ಮನಾಯಿತು.

ಸಪ್ಪೆ.

ಸುತ್ತ ಆನೆಯೆತ್ತರದ ರಾಶಿ, ಬಿಳಿ ಬಿಳಿ,
ಬೊಗಸೆ ಚಾಚಿದರೆ ಸಾಕು ಅನ್ನುವಷ್ಟು ಹತ್ತಿರ.
"ಒಂದ್ ಹಿಡಿ ತರ್ರೋ ಯಾರಾರೂ" ಎಂದಳು ತುಳಸತ್ತೆ, ನೆಲ ನೋಡುತ್ತ.
"ನಂಗೆ ರಜೆ" ಎಂದ ಹೊನ್ನ.
"ನಂಗೂ" ಎಂದಳು ಅವನ ಹೆಂಡತಿ.
"ಇವತ್ತ್ ಉಪ್ಪು ಮುಟ್ಟುದಿಲ್ಲ" ಎಂದಳು ಅವ್ವಿ,
ದೇವರ ಮುಂದೆ ಹೇಳುವ ದನಿಯಲ್ಲಿ.

ಕಡೆಗೆ ಎದ್ದವರು ಲೆಕ್ಕದ ಮುಕುಂದ ಪೈಗಳು.
ಮೂವತ್ತು ವರ್ಷ ನೆರಳಲ್ಲಿ ಕೂತು ಹೆಡಿಗೆ ಎಣಿಸಿದವರು.
ಬೆಳಚು ಅಂದರೆ ಪ್ರಾಣ ಅವರಿಗೆ, ಬೇರೆ ದಾರಿಯಿರಲಿಲ್ಲ.
ಅಂಗೈಯಗಲದ ಬದುವಿನ ಮೇಲೆ
ಎರಡೂ ಕೈ ಅಗಲಿಸಿ ನಡೆದರು, ಈಗ ಬಿದ್ದರು ಆಗ ಬಿದ್ದರು.
ಬೀಳಲಿಲ್ಲ. ಒಂದು ಚಪ್ಪಲಿ ಮಾತ್ರ
ಕೆಸರಿನ ಪಾಲಾಯಿತು.
ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದರು ಉಪ್ಪನ್ನು, ಬೆವೆತು, ಕುಂಟುತ್ತ.
ನನ್ನ ಮಗಳು ಚಪ್ಪಾಳೆ ತಟ್ಟಿದಳು.

"ಬರ್ಕೊಳ್ರೇ ಯಾರಾರೂ,
ಪೈಗಳ ಲೆಕ್ಕಕ್ಕೆ ಕಾಲು ಹೆಡಿಗೆ!"
ಕೊನೆಯ ಸಾಲಿನಿಂದ ಬಂತು ಕೂಗು. ನಗೆ
ಬೆಂಕಿಯಂತೆ ಎಲೆಯಿಂದೆಲೆಗೆ ಹತ್ತಿತು.
ಪೈಗಳೂ ನಕ್ಕರು. ಒಂದೇ ಕಾಲಿನ ಚಪ್ಪಲಿಯಲ್ಲಿ
ಸಿಟ್ಟಾಗುವುದು ಸುಲಭವಲ್ಲ.
ಅವ್ವಿ ಎಲೆ ಮುಂದೆ ಸರಿಸಿದಳು:
"ಉಪ್ಪಿಟ್ಟವ್ರ ಮುಪ್ಪಿನ ತನಕ ನೆನಿಬೇಕಂತೆ, ಪೈಗಳೇ.
ನಂಗೆ ಮುಪ್ಪು ಬಂದೇ ಬಿಟ್ಟದೆ. ಲಗು ಬಡಿಸಿ."

ಹನ್ನೊಂದು ಇಶಾಡನ್ನು ಎಷ್ಟು ಹೋಳು ಮಾಡಿದರೋ,
ನನಗೆ ಸಿಕ್ಕಿದ್ದು ಒಂದು ಓಟೆ, ಅರ್ಧ ಮಗಳು ಚೀಪಿದ್ದು.

ಸಂಜೆಯ ಬಸ್ಸಿನ ಕಿಟಕಿಯಿಂದ ಕಂಡೆ,
ಪಡುವಣದಲ್ಲಿ ಒಂದು ಸಣ್ಣ ಮೋಡ,
ಬದುವಿನ ಮೇಲೆ ಅವ್ವಿ, ಒಬ್ಬಳೇ.
ತಡೆಯಲಾಗಲಿಲ್ಲ ಇವಳಿಗೆ, ಕೆಲಸಕ್ಕೆ ಇಳಿದಳು
ಅಂದುಕೊಂಡೆ.
ಅಲ್ಲ. ಕೋಲಿನ ತುದಿಯಲ್ಲಿತ್ತು
ಪೈಗಳ ಚಪ್ಪಲಿ, ಕೆಸರು ಸುರಿಸುತ್ತ.
ರಾಶಿಯ ನೆತ್ತಿಗೆ ಆ ಕೋಲನ್ನು ಊರಿ
ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡಿದಳು.
ತೆಗೆದಳೋ, ಹಾಗೇ ಬಿಟ್ಟಳೋ,
ಮಾದನಗೇರಿಯ ಕಡೆ ತಿರುಗಿತು ಬಸ್ಸು.