ಬೆವರು ಎಂಬ ಪದದ ಬಗ್ಗೆ ಸಮಜಾಯಿಷಿ

ಮಾನ್ಯರೇ,
ಕಡತ ವಾಪಸು ಬಂದಿದೆ.
ಅಂಚಿನಲ್ಲಿ ತಮ್ಮ ಕೆಂಪು ಶಾಯಿ:
‘ಮಣ್ಣು ಬೆವರುತ್ತಿದೆ ಎಂದರೇನು?
ಯಾವ ನಿಯಮದಡಿ? ಸಮಜಾಯಿಷಿ ಕೊಡಿ.’

ಕೊಡುತ್ತಿದ್ದೇನೆ.

ಗಾಳಿಬೀಡಿನ ಮೇಲ್ಮಗ್ಗುಲು, ಚಂಗಪ್ಪನವರ ಜಾಗ.
ಹೋಮ್‌ಸ್ಟೇ ಮುಂದೆ ಎಂಟು ಕಾರು ನಿಲ್ಲುವಷ್ಟು
ಸಮತಟ್ಟು ಬೇಕೆಂದು ಅರ್ಜಿ.
ಇಳಿಜಾರು ಇಪ್ಪತ್ತೆಂಟು ಡಿಗ್ರಿ.
ಕಚೇರಿಯ ಅಳತೆ ಯಂತ್ರದ ಬ್ಯಾಟರಿ ಸತ್ತು ವರ್ಷವಾಯಿತು;
ತಂಗಿಯ ಮಗಳ ಕಂಪಾಸು ಪೆಟ್ಟಿಗೆಯಿಂದ ಕೋನಮಾಪಕ ತಂದೆ,
ನೂಲಿಗೊಂದು ನಟ್ಟು ಕಟ್ಟಿ ಇಳಿಬಿಟ್ಟು ಓದಿದೆ.
ನಟ್ಟು ಅಲ್ಲಾಡುತ್ತಲೇ ಇತ್ತು. ಒಂದೆರಡು ಡಿಗ್ರಿ
ಆಚೀಚೆ ಆಗಿದ್ದರೆ ಗಾಳಿಯ ತಪ್ಪು,
ಊರ ಹೆಸರಲ್ಲೇ ಇದೆ ಅದು.

ಹನ್ನೆರಡು ಅಡಿ ಕಡಿಯಲು ತಾವೇ ಅನುಮತಿ ಕೊಟ್ಟಿರಿ.
ಷರತ್ತು ಹದಿಮೂರು, ಟೈಪು ಮಾಡಿದವಳು ನಾನೇ:
ಜೂನ್‌ನಿಂದ ಸೆಪ್ಟೆಂಬರ್ ತನಕ ಹಾರೆ ಕೂಡ ಮುಟ್ಟಿಸಬಾರದು,
ಅಗೆದ ಮಣ್ಣನ್ನು ತೋಡಿಗೆ ತಳ್ಳಬಾರದು,
ಬರೆಯ ತಲೆಗೆ ಚರಂಡಿ, ಬುಡಕ್ಕೆ ಕಲ್ಲಿನ ತಡೆಗೋಡೆ,
ಗೋಡೆಗೆ ನೀರು ಉಸಿರಾಡುವಷ್ಟು ತೂತು,
ಬೋಳು ಮೈಗೆ ಲಾವಂಚ.
ಚಂಗಪ್ಪ ಇವುಗಳಲ್ಲಿ ಒಂದನ್ನೂ ಮುರಿದಿಲ್ಲ.
ಈ ಸಾಲನ್ನು ಎರಡು ಸಲ ಓದಬೇಕಾಗಿ ವಿನಂತಿ.

ಮಾರ್ಚ್ ಇಪ್ಪತ್ತು, ಊಟದ ಹೊತ್ತು, ಜೆಸಿಬಿ ಸುಬೈರನ ಫೋನು:
‘ಮೇಡಂ, ಏಳು ಅಡಿಗೆ ನಿಲ್ಸಿದ್ದೇನೆ.
ಮಣ್ಣು ಬೆವರ್ತಾ ಉಂಟು.’

ಹೋದೆ. ಬಕೆಟ್ಟು ನೆಲಕ್ಕೂರಿ ಯಂತ್ರ ಸುಮ್ಮನಿತ್ತು.
ಮೇಲೆ ಕೆಂಪು, ಕೆಳಗೆ ಹಳದಿ, ಅದರ ಕೆಳಗೆ
ಒಂದು ಗೇಣು ಬೂದು ಜೇಡಿ
ನೆನೆದ ಸಾಬೂನಿನ ಹಾಗೆ.
ಹೂಮಳೆ ಬಿದ್ದು ಹನ್ನೊಂದು ದಿನ, ಆಮೇಲೆ ಬರೀ ಬಿಸಿಲು,
ಕಾಫಿ ಹೂ ಕೂಡ ಕಂದಿ ಉದುರಿತ್ತು.
ಆ ಜೇಡಿಯ ಮೈಮೇಲೆ ಮಾತ್ರ
ಸಾಸಿವೆಯಷ್ಟು ಸಾಸಿವೆಯಷ್ಟು ನೀರು.
ಅಂಗೈಯಲ್ಲಿ ಒರೆಸಿದೆ. ನೂರು ಎಣಿಸುವಷ್ಟರಲ್ಲಿ ಮತ್ತೆ ಬಂತು.
ಒರೆಸಿದೆ. ಮತ್ತೆ.
ಮೇಲಿಂದ ಬಿದ್ದದ್ದಲ್ಲ, ಒಳಗಿನದು.
ಬೆವರು ಎನ್ನದೆ ಇನ್ನೇನೆನ್ನಲಿ?

ಚಂಗಪ್ಪ ಅನುಮತಿ ಪತ್ರ ಬೀಸಿದರು, ಲ್ಯಾಮಿನೇಷನ್ ಮಾಡಿಸಿದ್ದರು.
‘ಹನ್ನೆರಡು ಅಂತ ಸರಕಾರವೇ ಬರೆದಿದೆ,
ನೀನ್ಯಾವ ಸೀಮೆ ಎಂಜಿನಿಯರ್ ಮಾರಾಯ?
ಗಂಟೆ ಲೆಕ್ಕದಲ್ಲಿ ದುಡ್ಡು ಎಣಿಸುವವ ನಾನು.’
ಸುಬೈರ್ ವಾದಿಸಲಿಲ್ಲ.
ಬೆಟ್ಟ ಇಳಿದು ಬಂದ ಆ ವರ್ಷ
ಹದಿನಾರು ದಿನ ಕೆಸರಿನಲ್ಲಿ ಹುಡುಕಿದವನು ಅವನು;
ಬಕೆಟ್ಟಿನ ಹಲ್ಲುಗಳಿಗೆ ಹಳೆ ಸೀರೆ ಸುತ್ತಿಕೊಂಡಿದ್ದನಂತೆ,
ಒಳಗಿರುವವರಿಗೆ ಗಾಯ ಆಗಬಾರದೆಂದು.
‘ಆವಾಗಲೂ ಇದೇ ಬೂದು’ ಎಂದ. ಅಷ್ಟೇ.

ಸ್ಥಳ ಪರಿಶೀಲನೆಯ ನಮೂನೆಯಲ್ಲಿ ಇಪ್ಪತ್ತೆರಡು ಕಾಲಂ.
ಸರ್ವೆ ನಂಬರಿಗೆ ಇದೆ, ಚಕ್ಕುಬಂದಿಗೆ ಇದೆ,
ಅರ್ಜಿದಾರರ ತಂದೆಯ ಹೆಸರಿಗೂ ಇದೆ.
ಮಣ್ಣಿನ ಅಭಿಪ್ರಾಯಕ್ಕೆ ಜಾಗ ಸಿಗಲಿಲ್ಲ.
ಕೊನೆಗೆ ‘ಷರಾ’ ಎಂಬಲ್ಲಿ ಒಂದೂವರೆ ಇಂಚು ಖಾಲಿ ಇತ್ತು,
ಅಲ್ಲಿ ಬರೆದೆ, ಅವನು ಹೇಳಿದ ಹಾಗೆಯೇ.

ಮಾದರಿ ಲಗತ್ತಿಸಿದೆ, ಹಾರ್ಲಿಕ್ಸ್ ಬಾಟಲಿಯಲ್ಲಿ.
ಮುಚ್ಚಳ ಬಿಗಿಯಾಗಿದೆ.
ಗಾಜಿನ ಒಳಮೈಯಲ್ಲಿ ಹನಿ ಕಂಡರೆ ದಯವಿಟ್ಟು
ಮುಚ್ಚಳ ತೆಗೆಯದೆ ನೋಡಿ.

ಕೆಲಸ ನಿಲ್ಲಿಸಿದ್ದೇನೆ. ಆ ಅಧಿಕಾರ ನನಗಿಲ್ಲ, ಗೊತ್ತು.
ಜೆಸಿಬಿಯ ಕೀ ನನ್ನ ಮೇಜಿನ ಡ್ರಾಯರಿನಲ್ಲಿದೆ,
ಕೇಳದೆಯೇ ಸುಬೈರ್ ಕೊಟ್ಟು ಹೋದದ್ದು.
ಆದರೆ ನಿಲ್ಲಿಸಿದರೆ ಮುಗಿಯುವುದಿಲ್ಲ, ಮಾನ್ಯರೇ,
ಕಡಿದ ಏಳು ಅಡಿ ಬಾಯಿ ತೆರೆದೇ ಇದೆ.
ಅಷ್ಟಕ್ಕೇ ಗೋಡೆ ಎತ್ತಲು ಹೊಸ ನಕ್ಷೆ,
ನಕ್ಷೆಗೆ ತಮ್ಮ ಸಹಿ.
ಇವತ್ತು ಮೇ ಹದಿನಾಲ್ಕು.
ಷರತ್ತು ಒಂದರ ಪ್ರಕಾರ ಉಳಿದದ್ದು ಹದಿನೇಳು ದಿನ;
ಮೋಡಗಳಿಗೆ ಆ ಷರತ್ತಿನ ಪ್ರತಿ ಕಳಿಸಿಲ್ಲ.
ಪದದ ಅರ್ಥ ಮಳೆಗಾಲ ಕಳೆದು ಚರ್ಚಿಸೋಣ.

ನಿನ್ನೆ ಸಂಜೆ ಆ ದಾರಿಯಾಗಿ ಬಂದೆ.
ಬರೆಗೆ ಯಾರೋ ನೀಲಿ ಟಾರ್ಪಾಲು ಹೊದಿಸಿದ್ದರು,
ಅಂಚಿಗೆ ಕಲ್ಲು ಹೇರಿದ್ದರು.
ಚಂಗಪ್ಪ ಟಾರ್ಚು ಹಿಡಿದು ಒಂದು ಮೂಲೆ ಎತ್ತಿ
ಒಳಗೆ ಇಣುಕುತ್ತಿದ್ದರು.
ನಾನು ಹಾರನ್ ಮಾಡಲಿಲ್ಲ.