ಮೊದಲ ಮೂಟೆ

ಬೆಲ್ಲದ ಮಂಡಿಯ ತಕ್ಕಡಿ ಒಂದು ಸಂಜೆಗೆ ಎರವಲು.
ಒಂದೊಂದೇ ಇಟ್ಟು ನೋಡುತ್ತೇನೆ:
ಕಾರ್ಬನ್ ಕೊಳವೆಯ ತೋಳು,
ಮೋಟರು, ಮುಷ್ಟಿಯಷ್ಟು ದಪ್ಪ,
ವೈರು, ಬ್ಯಾಟರಿ, ಮಿದುಳಿನ ಪುಟ್ಟ ಹಲಗೆ,
ಕೊನೆಗೆ ಒಂದು ಹಿಡಿ ಸ್ಕ್ರೂ.
ಕ್ವಿಂಟಲ್ ತೂಗಿ ರೂಢಿಯಾದ ತಕ್ಕಡಿ
ಸ್ಕ್ರೂಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.
ಗಾಳಿ ಹಿಡಿಯುತ್ತದೆ.

ಹತ್ತೊಂಬತ್ತು ವರ್ಷ ಪಂಪ್‌ಸೆಟ್ಟಿನ ಸುಟ್ಟ ಕಾಯಿಲು ಬಿಚ್ಚಿ
ತಾಮ್ರ ಸುತ್ತಿದವಳು ನಾನು,
ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ.
ನೀರೆತ್ತುವ ಮೋಟರು ನರಳಿದರೆ
ರಸ್ತೆಯಿಂದಲೇ ಕಾಯಿಲೆ ಹೇಳಬಲ್ಲೆ.
ತನ್ನನ್ನೇ ತಾನು ಎತ್ತಿಕೊಳ್ಳುವ ಮೋಟರು
ಈ ಕೈಗೆ ಹೊಸದು.

ಕಬ್ಬಿನ ಸಂಘದವರು ಕೇಳಿದ್ದು ಇಷ್ಟೇ:
ಹತ್ತು ಲೀಟರು ಔಷಧಿ, ಇಪ್ಪತ್ತು ನಿಮಿಷ,
ಎರಡಾಳೆತ್ತರ ಬೆಳೆದ ಕಬ್ಬಿನ ಮೇಲೆ,
ಗರಿಯ ಅಲಗಿಗೆ ಮುಖ ಕೊಟ್ಟು
ಯಾರೂ ಒಳಗೆ ನುಗ್ಗದ ಹಾಗೆ.
ಅದೇನು ಮಹಾ, ಅಂದಿದ್ದೆ.

ಮೊದಲು ಕಟ್ಟಿದ್ದು ನಾಲ್ಕೇ ತೋಳಿನದು.
ಎದ್ದಿತು, ಕಿರುಚಿತು, ಏಳು ನಿಮಿಷಕ್ಕೆ ಕೂತಿತು.
ಇನ್ನೊಂದು ಬ್ಯಾಟರಿ ಹಾಕಿ ಅಕ್ಕಾ, ಅಂದ ನಯಾಜ್.
ಹಾಕಿದೆವು: ನಾಲ್ಕು ನಿಮಿಷ ಲಾಭ.
ಮತ್ತೊಂದು: ಒಂದೂವರೆ.
ಮತ್ತೂ ಒಂದು: ಇಪ್ಪತ್ತು ಸೆಕೆಂಡು.
ಆಮೇಲಿನದಕ್ಕೆ ಅದು ಏಳಲೇ ಇಲ್ಲ,
ಮಣ್ಣಲ್ಲಿ ಮೀಯುವ ಕೋಳಿಯ ಹಾಗೆ
ನಮ್ಮಿಬ್ಬರ ಕಣ್ಣಿಗೆ ಧೂಳೆರಚಿ
ಅಲ್ಲೇ ಒದ್ದಾಡಿತು.

ತಕ್ಕಡಿ ವಾಪಸು ಒಯ್ಯಲು ಬಂದ ಹಮಾಲಿ ಸಣ್ಣಜವರ
ಬಾಗಿಲಲ್ಲೇ ಕೂತಿದ್ದ, ಹಚ್ಚದ ಬೀಡಿ ಬೆರಳಲ್ಲಿ
(ಲಿಥಿಯಂ ಇದೆ, ಹಚ್ಚಬೇಡ ಎಂದಿದ್ದೆವು).
ಮೂವತ್ತಾರು ವರ್ಷ ಮಂಡಿಗೆ ಬೆನ್ನು ಕೊಟ್ಟವನು.
‘ಅದು ಹೊತ್ಕೊಂಡಿರೋದೆಲ್ಲ ಅದ್ರ ಊಟಾನೇ ಅಲ್ವಾ ಕನವ್ವ?’
ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು,
‘ಲಾರಿ ಹಲಗೆ ಮ್ಯಾಲೆ ಮೊದ್ಲು ಹತ್ತೋ ಮೂಟೆ ನಮ್ ಮೈಯೇಯ.
ಬೆಲ್ಲ ಆಮ್ಯಾಕೆ.
ಹೊಟ್ಟೆ ಬಿರಿಯಂಗೆ ಮುದ್ದೆ ಉಂಡೋನು ಮೂಟೆ ಹೊರಾಕಿಲ್ಲ.
ಅರೆ ಹೊಟ್ಟೆ, ಉದ್ದ ಹೆಜ್ಜೆ, ನಿಧಾನ.
ಅವಸ್ರ ಮಾಡ್ದೋನ ಮೊಣಕಾಲು ಮೊದ್ಲು ಹೋಯ್ತದೆ.’

ಅಂದು ರಾತ್ರಿ ಮೋಟರುಗಳನ್ನು ಬಿಚ್ಚಿದೆ.
ತಂತಿ ಸಣ್ಣದು, ಸುತ್ತು ಹೆಚ್ಚು; ತಿರುಗಣಿ ನಿಧಾನ.
ರೆಕ್ಕೆ ಹದಿನೆಂಟರಿಂದ ಮೂವತ್ತು ಇಂಚಿಗೆ.
ತೋಳು ಆರಾಯಿತು, ಬ್ಯಾಟರಿ ಎರಡೇ ಉಳಿಯಿತು.
ಚೆಂದಕ್ಕೆ ಹಾಕಿದ್ದ ಮುಚ್ಚಳ ಕಿತ್ತೆ,
ಉದ್ದದ ಸ್ಕ್ರೂಗಳ ಬಾಲ ಕತ್ತರಿಸಿದೆ,
‘ಇಂದ್ರಮ್ಮ ರಿವೈಂಡಿಂಗ್ ವರ್ಕ್ಸ್’ ಎಂಬ ಸ್ಟಿಕ್ಕರನ್ನೂ
ಉಗುರಿನಿಂದ ಕೆರೆದು ತೆಗೆದೆ. ಎರಡು ಗ್ರಾಂ.
ನಯಾಜ್ ನಕ್ಕ. ನಾನು ನಗಲಿಲ್ಲ.

ತೂಬಿನಕೆರೆಯಾಚೆ ಕಟಾವಾದ ಗದ್ದೆ. ಬೆಳಗಿನ ಆರೂವರೆ.
ಔಷಧಿಯ ಬದಲಿಗೆ ಒಂದು ಬಕೆಟ್ ಬೆಲ್ಲ, ಸರಿಯಾಗಿ ಹತ್ತು ಕೆಜಿ.
ಜವರನೇ ಗೋಣಿಯಲ್ಲಿ ಸುತ್ತಿ ಕಟ್ಟಿಕೊಟ್ಟ,
ಗಂಟಿನ ಹತ್ತಿರ ಯಾರನ್ನೂ ಬಿಡಲಿಲ್ಲ.
ಈ ಸಲ ಕಿರುಚಲಿಲ್ಲ ಅದು.
ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕುದಿಬರುವಾಗಿನ ಸದ್ದು.
ಕೂಳೆಗಳ ಮೇಲೆ ಹಾಸಿದ ತರಗು ಸರಿದು ದಾರಿ ಕೊಟ್ಟಿತು.
ಐದು ನಿಮಿಷ.
ನಾಲೆಯಿಂದೆದ್ದ ಬೆಳ್ಳಕ್ಕಿಗಳು ನೋಡಿ ಬಳಸಿಕೊಂಡು ಹೋದವು.
ಹನ್ನೆರಡು. ಹದಿನೈದು.
ನಯಾಜ್ ಮಾತು ನಿಲ್ಲಿಸಿ ಎಷ್ಟು ಹೊತ್ತಾಗಿತ್ತೋ.
ಹತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡಿಗೆ
ವೋಲ್ಟೇಜು ಕೆಂಪಾಯಿತು. ಇಳಿಸಿದೆ.

ಇಪ್ಪತ್ತು ಸೆಕೆಂಡು ಎಲ್ಲಿ ಹೋಯಿತು?
ಗಂಟು ಬಿಚ್ಚಿದರೆ ಗೋಣಿಯೊಳಗೆ ಇನ್ನೊಂದು ಗೋಣಿ,
ನಾಲ್ಕು ಮಡಿಕೆ, ಇಬ್ಬನಿಗೆ ತುಸು ಒದ್ದೆ.
‘ಮ್ಯಾಲಿಂದ ಬಿದ್ದು ಒಡ್ದೋದ್ರೆ ಅಂತ’ ಅಂದ ಜವರ,
ಬೆಲ್ಲವನ್ನು ಮಗುವಿನ ಹಾಗೆ ಕಂಕುಳಿಗೆ ಸರಿಸಿಕೊಂಡು.

ಗೋಣಿ ತೂಗಿದೆ. ಇನ್ನೂರ ನಲವತ್ತು ಗ್ರಾಂ.
ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡೆ, ಹೊಡೆದುಹಾಕಲಿಲ್ಲ.
ಅಷ್ಟನ್ನು ಬೇರೆಲ್ಲಾದರೂ ಕೆರೆಯಬೇಕು,
ಕಾಲಿನಲ್ಲೋ, ತೋಳಿನ ತುದಿಯಲ್ಲೋ.
ನಯಾಜ್ ಆಗಲೇ ಅರ ಹುಡುಕುತ್ತಿದ್ದ.