ನೂರಾ ಒಂದೂವರೆ

ಇಪ್ಪತ್ತಾರು ವರ್ಷದಿಂದ ರಿಪ್ಪನ್‌ಪೇಟೆಯ ಪಶು ಆಸ್ಪತ್ರೆಯಲ್ಲಿ
ನನ್ನ ಕೆಲಸ, ಬಾಲ ಎತ್ತಿ ಥರ್ಮಾಮೀಟರ್ ಇಡುವುದು.
ಎರಡು ನಿಮಿಷ. ಆ ಎರಡು ನಿಮಿಷ
ದನದ ಯಜಮಾನ ನನ್ನ ಮುಖ ನೋಡುತ್ತಾನೆ,
ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ.

ಹಸುವಿಗೆ ನೂರಾ ಒಂದೂವರೆ.
ಮೇಕೆಗೆ ನೂರಾ ಮೂರು, ಅದಕ್ಕದು ಜ್ವರವಲ್ಲ.
ಕೋಳಿಗೆ ನೂರಾ ಏಳು. ನಮಗೆ ಅಷ್ಟು ಏರಿದರೆ
ಮನೆಯವರು ಬಾಯಿಗೆ ತುಳಸಿನೀರು ಬಿಡುತ್ತಾರೆ;
ಅದು ಆ ಬಿಸಿಯಲ್ಲೇ ತಿಪ್ಪೆ ಕೆದಕಿ, ಜಗಳಾಡಿ, ಮೊಟ್ಟೆಯಿಟ್ಟು
ಊರಿಗೆಲ್ಲ ಸುದ್ದಿ ಹೇಳಿಕೊಂಡು ಬರುತ್ತದೆ.

ಏಪ್ರಿಲ್ ಬಂದರೆ ಅವರವರ ಉಪಾಯ ಅವರವರಿಗೆ.
ಎಮ್ಮೆಗೆ ಬೆವರು ಕಡಿಮೆ, ಚರ್ಮ ಕಪ್ಪು;
ಹಿನ್ನೀರಿನ ಕೆಸರಲ್ಲಿ ಮೂಗು ಮಾತ್ರ ಹೊರಗಿಟ್ಟು
ಮಧ್ಯಾಹ್ನ ಕಳೆಯುತ್ತದೆ.
ಠಾಣೆ ಎದುರಿನ ನಾಯಿ
ಬೆವರಿನ ಕೆಲಸವನ್ನೆಲ್ಲ ನಾಲಿಗೆಗೆ ವಹಿಸಿದೆ.
ಕೋಳಿ ರೆಕ್ಕೆ ಸಡಿಲಿಸಿ, ಕೊಕ್ಕು ತೆರೆದು,
ಕೇಸು ಸೋತ ಲಾಯರಿನ ಹಾಗೆ ನಿಲ್ಲುತ್ತದೆ.
ಒಮ್ಮೆ ಸಕ್ರೆಬೈಲಿಗೆ ಡಾಕ್ಟರ ಜೊತೆ ಹೋದಾಗ
ಆನೆಯ ಕಿವಿ ಹಿಂದೆ ಕೈಯಿಟ್ಟು ನೋಡಿದೆ:
ಕಿರುಬೆರಳಷ್ಟು ದಪ್ಪದ ನರಗಳು. ಬಿಸಿ ರಕ್ತ
ಅಲ್ಲಿಗೆ ಬಂದು, ಗಾಳಿ ತಿಂದು, ತಣಿದು ಒಳಗೆ ಹೋಗುತ್ತದೆ.
ಬೀಸಣಿಗೆ ಎಂದುಕೊಂಡಿದ್ದೆ ಇಷ್ಟು ದಿನ;
ರಕ್ತ ಆರಹಾಕುವ ಹಿತ್ತಲಂತೆ ಅದು.

ಒಳಗೆ ಯಾರೋ ಒಬ್ಬಳು ಒಲೆ ಮುಂದೆ ಕೂತಿರಬೇಕು
ಎಂದು ನನಗೆ ಮೊದಲಿಂದಲೂ ಅನುಮಾನ.
ಉರಿ ಹೆಚ್ಚಾದರೆ ಕೊಳ್ಳಿ ಹಿಂದಕ್ಕೆಳೆದು,
ಕಡಿಮೆಯಾದರೆ ಊದುಕೊಳವೆ ಹಿಡಿದು,
ಉಪ್ಪು, ಸಕ್ಕರೆ, ನೀರು ಕೈಯಳತೆಯಲ್ಲೇ ನೋಡಿಕೊಂಡು,
ಒಂದು ದಿನ ರಜೆಯಿಲ್ಲದೆ.
ಸಲ್ಡಾನ ಡಾಕ್ಟರು ನಕ್ಕರು: ‘ಇದ್ದಾಳೆ ಪದ್ಮಾವತಿ,
ಮೆದುಳಿನ ಬುಡದಲ್ಲಿ, ಹುಣಸೆಬೀಜದಷ್ಟು ಜಾಗದಲ್ಲಿ.’
ಹೆಸರೂ ಹೇಳಿದರು. ಗ್ರೀಕರದೋ ಏನೋ, ನೆನಪಿಲ್ಲ.

ನನ್ನವಳು ಹೋದ ಯುಗಾದಿಯಿಂದ ಹಾದಿ ತಪ್ಪಿದ್ದಾಳೆ.
ಮುಟ್ಟು ನಿಂತು ಎಂಟು ತಿಂಗಳು.
ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ,
ಬಸ್ಸಿನಲ್ಲಿ ಚಿಲ್ಲರೆ ಎಣಿಸುವಾಗ,
ಎದೆಯಿಂದ ಹೊರಟ ಬೆಂಕಿ ಕಿವಿಯವರೆಗೆ.
ಗಂಡ ಫ್ಯಾನ್ ಆರಿಸುತ್ತಾನೆ, ನಾನು ಹಾಕುತ್ತೇನೆ,
ಅವನು ಕಂಬಳಿ ಎಳೆದುಕೊಂಡರೆ ನಾನು ಸೆರಗು ಕಿತ್ತೊಗೆಯುತ್ತೇನೆ.
ಥರ್ಮಾಮೀಟರ್ ಇಟ್ಟುಕೊಂಡರೆ ಮಾತ್ರ (ಬೇರೆಯದು, ನಗಬೇಡಿ)
ತೊಂಬತ್ತೆಂಟೂ ಚಿಲ್ಲರೆ.
ಪಾದರಸಕ್ಕೆ ನನ್ನ ಮಾತಿನಲ್ಲಿ ನಂಬಿಕೆಯಿಲ್ಲ.

ಪುಷ್ಯದ ಒಂದು ಬೆಳಗಿನ ಜಾವ ಹುಂಚದ ಕಡೆಯಿಂದ ಫೋನು.
ದ್ಯಾವಕ್ಕನ ಹಸು ಬಯಲಲ್ಲೇ ಈದಿತ್ತು, ಇಬ್ಬನಿಯಲ್ಲಿ.
ಕರು ಒದ್ದೆ, ಕಿವಿ ತಣ್ಣಗೆ, ಒಸಡು ಬಿಳಿಚಿಕೊಂಡಿದೆ.
ತೊಂಬತ್ತನಾಲ್ಕು.
ಒಣಹುಲ್ಲಲ್ಲಿ ತಿಕ್ಕಿದೆ, ಗೋಣಿ ಹೊದಿಸಿದೆ,
ಗಿಣ್ಣುಹಾಲು ಹಿಂಡಿ ಬಾಟಲಿಯಲ್ಲಿ ಕುಡಿಸಿದೆ.
ನಡುಗುವುದನ್ನೂ ನಿಲ್ಲಿಸಿತ್ತು ಅದು. ನಡುಗುತ್ತಿದ್ದರೆ ಭಯವಿಲ್ಲ,
ಒಳಗಿನವಳು ಕಟ್ಟಿಗೆ ಸೀಳುತ್ತಿದ್ದಾಳೆ ಎಂದು ಲೆಕ್ಕ.

ಆಗ ಬಂತು ನನಗೆ, ಹೊತ್ತಲ್ಲದ ಹೊತ್ತಲ್ಲಿ,
ಎದೆ, ಕುತ್ತಿಗೆ, ಕೆನ್ನೆ, ಅಂಗೈ.
ಸ್ವೆಟರ್ ಬಿಚ್ಚಿ ಎಸೆದೆ. ಕರುವನ್ನು ತೊಡೆಗೆಳೆದು
ಹೊಟ್ಟೆಗೆ ಒತ್ತಿ ಹಿಡಿದೆ,
ಯಾರಿಗೂ ಬೇಡವಾಗಿದ್ದ ಬಿಸಿಗೆ
ಒಬ್ಬ ಗಿರಾಕಿ ಸಿಕ್ಕಿದಂತೆ.

ಇದರಿಂದಲೇ ಉಳಿಯಿತು ಅನ್ನುವಷ್ಟು ಪೆದ್ದಿಯಲ್ಲ ನಾನು.
ಹಾಲಿತ್ತು, ಗೋಣಿಯಿತ್ತು,
ಹುಟ್ಟುವಾಗಲೇ ಬುತ್ತಿ ಕಟ್ಟಿಕೊಂಡು ಬಂದ ಕಂದು ಕೊಬ್ಬಿತ್ತು.
ಅಂತೂ ಅರ್ಧ ಗಂಟೆಗೆ ಹಿಂಗಾಲು ನಡುಗಿತು, ಆಮೇಲೆ ಇಡೀ ಕರು,
ಗಾಳಿಗೆ ಸಿಕ್ಕ ತಗಡಿನ ಹಾಗೆ.
ಬಿಸಿಲು ಬೀಳುವ ಹೊತ್ತಿಗೆ ತೊಂಬತ್ತೊಂಬತ್ತು.
ತಾಯಿ ಬಂದು ಮಗುವನ್ನು ನೆಕ್ಕುತ್ತ ನೆಕ್ಕುತ್ತ
ಉಪ್ಪಿನ ಆಸೆಗೋ ಏನೋ, ನನ್ನ ಬೆವರಿದ ಕುತ್ತಿಗೆಯನ್ನೂ ನೆಕ್ಕಿತು.
ಉಜ್ಜುಕಾಗದದಂಥ ನಾಲಿಗೆ.

ದ್ಯಾವಕ್ಕ ಚಾ ತಂದಳು. ‘ಈ ಚಳೀಲಿ ಬೆವರ್ತೀಯಲ್ಲೇ’ ಎಂದು ಬಗ್ಗಿ ನೋಡಿದಳು.
ನೋಡಿ, ‘ನಂಗೂ ನಾಕು ವರ್ಷ ಇತ್ತು’ ಅಂದಳು.
ನಾನು ಥರ್ಮಾಮೀಟರ್ ಒರೆಸಿ ಕೊಡವಿದೆ.
ಪಾದರಸ ಕೆಳಗಿಳಿಯಲು ಮೂರು ಸಲ ಬೇಕಾಯಿತು.